ಅಜ್ಜಿಯ ಎಡಗೆನ್ನೆ

ಹಳೆಯ ಫೋಟೊ ಸರಿಮಾಡುವಾಗ ಕಾಗದದ ಬೂಸ್ಟು ಸುಮ್ಮನೆ ಹೋಗುತ್ತದೆ. ಆದರೆ ಅದರಲ್ಲಿರುವವರ ಮೈಮೇಲಿನ ಕಲೆ ಅಳಿಸಿದರೆ, ಅದು ಆ ಮನೆಯಲ್ಲಿ ಬದುಕಿರುವ ಒಬ್ಬರ ಮೈಮೇಲೆ ಅದೇ ಜಾಗದಲ್ಲಿ ಮೂಡುತ್ತದೆ. ಯಾರ ಮೈಮೇಲೆ ಎಂದು ನಮ್ಮ ಸ್ಟುಡಿಯೊದಲ್ಲಿ ಮೊದಲೇ ಬರೆಸಿಕೊಳ್ಳುತ್ತೇವೆ. ಮೊನ್ನೆ ಒಬ್ಬ ಮಾಸ್ತರರು ತಾಯಿಯ ಸಿಡುಬಿನ ಕಲೆಗಳನ್ನು ತಮ್ಮ ಮುಖಕ್ಕೇ ಪಡೆದು, ಕನ್ನಡಿ ನೋಡಿಕೊಂಡು ನಗುತ್ತ ಹೋದರು.

ಇವತ್ತು ಬಂದ ಶಿವಪುತ್ರಪ್ಪ ಅಂಥವನಲ್ಲ. ಅವನ ಅಜ್ಜ-ಅಜ್ಜಿಯ ಫೋಟೊದ ಬೂಸ್ಟು ತೆಗೆದಾಗ ಅಜ್ಜನ ಮೂಗಿನ ನರಹುಲಿ ಕಂಡಿತು. ಅಜ್ಜಿಯ ಎಡಗೆನ್ನೆಯಲ್ಲಿ ಕಾದ ಇಕ್ಕಳ ಒತ್ತಿದ ಎರಡು ಗುರುತು ಕಂಡವು. ಎಲೆಅಡಿಕೆಯ ಜೊಲ್ಲು ಮೆತ್ತಿದ ಬೆರಳನ್ನು ಅವನು ನನ್ನ ಸ್ಕ್ರೀನಿಗೇ ಊರಿದ.

"ನರಹುಲಿ ಇರ್ಲಿ, ಗಂಡಸಿಗೆ ಲಕ್ಷಣ. ಮುದುಕೀದು ಅಳಿಸ್ರಿ. ಅಜ್ಜಾರ ನೂರನೇ ವರ್ಷದ ಕಾರ್ಯಕ್ರಮ ಐತಿ, ಮಂದಿ ನೋಡ್ತಾರ."

"ಯಾರ ಮೈಮ್ಯಾಲ ಅಂತ ಬರೀಲಿ?"

"ಅದಕ್ಕ ಸೊಸೀನ್ನ ಕರ್ಕೊಂಡು ಬಂದೇನಲ್ರಿ."

ಬಾಗಿಲ ಬಳಿ ಮುಖದ ತುಂಬ ಸೆರಗು ಹೊದ್ದು ನಿಂತಿದ್ದ ಹುಡುಗಿಯನ್ನು ಕೇಳಿದೆ: "ನೀವು ಒಪ್ಪೀರೇನ್ರಿ?"

"ಮಾವಾರು ಹೇಳಿದಂಗ," ಎಂದಳು.

ನಾನು ಮೌಸ್‌ನಿಂದ ಕೈ ತೆಗೆದೆ. ಶಿವಪುತ್ರಪ್ಪ ತಾನೇ ಬಗ್ಗಿ, ಅದೇ ಬೆರಳಿನಿಂದ ಸೊಸೆಯ ಹೆಸರು ಬರೆದು ಅಳಿಸುವ ಗುಂಡಿ ಒತ್ತಿದ. ಸ್ಕ್ರೀನಿನಲ್ಲಿ ಅಕ್ಷರ ಮೂಡಿತು: 'ಎಡಗೆನ್ನೆಯಲ್ಲಿ ಜಾಗ ಖಾಲಿ ಇಲ್ಲ.'

ಹುಡುಗಿ ತಲೆ ತಗ್ಗಿಸಿದಳು. ಸೆರಗು ಜಾರಿತು. ಅವಳ ಎಡಗೆನ್ನೆಯಲ್ಲೂ ಅವೇ ಎರಡು ಗುರುತುಗಳಿದ್ದವು, ಇನ್ನೂ ಹಸಿಹಸಿಯಾಗಿ.

ಶಿವಪುತ್ರಪ್ಪ ಅವಳ ಬಲಗೆನ್ನೆ ನೋಡಿದ.

"ಹಂಗಾರ ಫೋಟೊ ಎಡ-ಬಲ ತಿರುವಿ ಹಾಕ್ರಿ," ಎಂದ. "ಬಲಗೆನ್ನಿ ಖಾಲಿ ಐತಲ್ಲ."