ಜೀವ ಉಳಿಸಿದ ಇಸ್ತ್ರಿಪೆಟ್ಟಿಗೆ

ಎರಡನೇ ಗುಂಡಿಗೇ ಪಿಸ್ತೂಲು ಕಚ್ಚಿಕೊಂಡಿತು.

ಡೆಲ್ಮರ್ ಟ್ರೂಬಿ ಅದನ್ನು ಅತಿಥಿಯ ಕೈಯಿಂದ ಕಿತ್ತುಕೊಂಡು, ಹಟಮಾರಿ ಕರುವಿಗೆ ತಟ್ಟಿದ ಹಾಗೆ ಹಿಂದಿನಿಂದ ತಟ್ಟಿದ. ಗುಂಡು ತುಂಬುವ ಡಬ್ಬಿ ಕಳಚಿ ಅತಿಥಿಯ ಬೂಟಿನ ಮೇಲೆ ಬಿತ್ತು.

“ಹೊಸದಲ್ವಾ, ಸ್ವಲ್ಪ ಬಿಗಿ,” ಎಂದ.

ಹ್ಯಾಸ್ಕಿನ್ಸ್ ಬೂಟು ಒರೆಸಿಕೊಂಡ. ಅರ್ಧ ಒಹಾಯೊ ರಾಜ್ಯದ ತುಂಬ ಅಂಗಡಿಗಳಿದ್ದ ಬಂದೂಕು ವ್ಯಾಪಾರಿಗಳ ಪರವಾಗಿ ಮಾಲು ಕೊಳ್ಳುವವನು ಅವನು. ಅವನು ಬೇಡವೆಂದರೆ ಡೆಲ್ಮರನ ಕಾರ್ಖಾನೆ ಟ್ರೂಬಿ ಆರ್ಮ್ಸ್ ಕ್ರಿಸ್ಮಸ್ಸಿಗೆ ಮೊದಲೇ ಬೀಗ ಜಡಿಯಬೇಕು.

“ಟ್ರೂಬಿಯವರೇ, ನಿಮ್ಮ ಮಾಲನ್ನ ನಮ್ಮ ಗಿರಾಕಿಗಳು ಏನಂತಾರೆ ಗೊತ್ತಾ? ಇಸ್ತ್ರಿಪೆಟ್ಟಿಗೆ.”

“ತೂಕ ಇದೆಯಲ್ಲ, ಅದಕ್ಕೆ. ಮೆಚ್ಚುಗೆ ಅದು.”

“ಗುಂಡು ಹಾರದಿದ್ರೆ ಎತ್ತಿ ಎಸೀಬಹುದು ಅಂತಾರೆ ಕಣ್ರೀ.”

ಉಳ್ಳವರು ಈ ಊರಲ್ಲಿ ಜರ್ಮನಿಯ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಚರ್ಚಿಗೆ ಹೋಗುತ್ತಾರೆ. ಬಡವರ ಭಯಕ್ಕೂ ಒಂದು ಮಾಲು ಬೇಕಲ್ಲ; ಅದಕ್ಕೆಂದೇ ಡೆಲ್ಮರನ ಅಪ್ಪ ಕಾರ್ಖಾನೆ ತೆರೆದ. ಭಯ ಮಾತ್ರ ಎಲ್ಲರಿಗೂ ಒಂದೇ ದರ್ಜೆಯದು. ಅದನ್ನು ಟಿವಿಯವರು ಪುಕ್ಕಟೆ ಹಂಚುತ್ತಾರೆ.

ಹೆಸರು ಉಳಿಸಿಕೊಳ್ಳಲು ಡೆಲ್ಮರ್ ಪಟ್ಟ ಪಾಡು ಒಂದೆರಡಲ್ಲ. ಪಿಸ್ತೂಲಿಗೆ ಹದ್ದಿನ ಹೆಸರಿಟ್ಟ. ಹೆಂಗಸರಿಗೆಂದು ಹಿಡಿಗೆ ಗುಲಾಬಿ ಬಣ್ಣ ಬಳಿಸಿದ. ಕಂಪನಿಯ ಟೋಪಿ ಹಂಚಿದ. ಜನ ಅದೇ ಟೋಪಿ ಹಾಕಿಕೊಂಡು ಬಂದು ದೂರು ಕೊಟ್ಟರು. ಇನ್ನು ಉಳಿದದ್ದು ಒಂದೇ ದಾರಿ: ಕೆಲಸಗಾರ ಲೋನಿ ಪ್ರುಯಿಟ್‌ನನ್ನು ಕೆಲಸ ಬಿಡಿಸಿ ಮನೆಗೆ ಕಳಿಸುವುದು. ಗುಂಡಿನ ಡಬ್ಬಿಯ ಬಾಯಿ ಬಗ್ಗಿಸುವ ಕೆಲಸ ಅವನದು. ಬಾಯಿ ಸೊಟ್ಟಗಾದರೆ ಗುಂಡು ಮೇಲೇರುವುದಿಲ್ಲ. ಲೋನಿಯ ಕೈಯಲ್ಲಿ ಅದು ನೆಟ್ಟಗಿರುತ್ತಿದ್ದುದು ಅವನು ರಜೆ ಹಾಕಿದ ದಿನ ಮಾತ್ರ.

ಸಂಜೆ ಹೇಳಿಬಿಡೋಣ ಎಂದು ಡೆಲ್ಮರ್ ನಿರ್ಧರಿಸಿಯಾಗಿತ್ತು.

“ನೋಡಿ, ಈ ಪಿಸ್ತೂಲು ಮಾರೋದು ಕಷ್ಟ. ಕಥೆಯಾದ್ರೆ ಮಾರಬಹುದು,” ಎಂದ ಹ್ಯಾಸ್ಕಿನ್ಸ್. “ಇದರ ಬಗ್ಗೆ ಒಂದು ಒಳ್ಳೇ ಮಾತಾಡೋ ಮನುಷ್ಯರನ್ನ ತೋರಿಸಿ. ಒಬ್ಬರು ಸಾಕು. ಇವತ್ತೇ ಸಹಿ ಹಾಕ್ತೀನಿ.”

ಅಂಥವರು ಯಾರೂ ಡೆಲ್ಮರನಿಗೆ ನೆನಪಾಗಲಿಲ್ಲ. ಪ್ರಚಾರದ ಕೆಲಸ ನೋಡಿಕೊಳ್ಳುವ ಮಗಳು ಮಾರ್ನಿ ಮಾತ್ರ ಕುಣಿದೇಬಿಟ್ಟಳು.

“ಅಪ್ಪಾ! ಇವತ್ತು ವರ್ನೀಟಾ ಬರೋ ದಿನ!”

ವರ್ನೀಟಾ ಕೋಲ್ ನದಿಯಾಚೆಯ ಊರಲ್ಲಿ ಶಾಲೆಯ ಬಸ್ಸು ಓಡಿಸುವ ಹೆಂಗಸು. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಪೀಚ್ ಹಣ್ಣಿನ ಪೈ ಬೇಯಿಸಿಕೊಂಡು ಕಾರ್ಖಾನೆಗೆ ಬರುತ್ತಿದ್ದಳು. ಮೊದಲ ಸಲ ಬಂದಾಗ ಆಡಿದ್ದು ಎರಡೇ ಮಾತು: “ನಿಮ್ಮ ಪಿಸ್ತೂಲು ನನ್ನ ಜೀವ ಉಳಿಸ್ತು. ಗುಂಡಿನ ಡಬ್ಬಿ ಮಾಡೋರು ಯಾರು?” ಲೋನಿಯನ್ನು ತೋರಿಸಿದ್ದೇ ತಡ, ಅವನನ್ನು ತಬ್ಬಿಕೊಂಡು ಅತ್ತಿದ್ದಳು. ಹೆಚ್ಚಿಗೆ ಯಾರೂ ಕೇಳಲಿಲ್ಲ. ಪಿಸ್ತೂಲು ಜೀವ ಉಳಿಸಿತು ಅನ್ನುವುದು ಇಲ್ಲಿ ಬೈಬಲಿನ ವಾಕ್ಯವಿದ್ದ ಹಾಗೆ. ತಲೆ ಬಾಗುತ್ತಾರೆ, ವಿವರ ಕೇಳುವುದಿಲ್ಲ.

ಮಾರ್ನಿ ಟಿವಿಯವರಿಗೆ ಫೋನು ಮಾಡಿದಳು. ಅಂಗಳಕ್ಕೆ ಮೈಕು ಬಂತು, ಬಾವುಟ ಬಂತು. ಕೊನೆಗೆ ಪೈ ತಟ್ಟೆ ಹಿಡಿದು ವರ್ನೀಟಾ ಬಂದಳು.

“ಇವತ್ತು ನೀವು ಅದನ್ನ ಎಲ್ಲರ ಮುಂದೆ ಹೇಳ್ಬೇಕು, ಆಂಟಿ.”

“ಹೇಳ್ತೀನಮ್ಮ. ಹೇಳೋಕೆ ನಾಚಿಕೆ ಏನು? ತಡಿ, ಮೊದಲ ತುಂಡು ಲೋನಿಗೆ.” ಲೋನಿಯ ಕೆನ್ನೆ ತಟ್ಟಿದಳು. “ನನ್ನಪ್ಪ, ನಿನ್ನ ಕೈ ಹೀಗೇ ಇರ್ಲಿ.”

ಲೋನಿ ಬಾಯಿತುಂಬ ಪೈ ತುಂಬಿಕೊಂಡು ತಲೆಯಾಡಿಸಿದ. ಈ ಕೈಯನ್ನು ಹೊಗಳಿದವರು ಜಗತ್ತಿನಲ್ಲಿ ಅವಳೊಬ್ಬಳೇ.

ಮಾರ್ನಿ ಗುಲಾಬಿ ಹಿಡಿಯ ಪಿಸ್ತೂಲು ಮುಂದೆ ಚಾಚಿದಳು. “ಇದನ್ನ ಹಿಡ್ಕೊಳ್ಳಿ ಆಂಟಿ, ಫೋಟೋಗೆ.”

ವರ್ನೀಟಾ ಕೈ ಹಿಂದಕ್ಕೆಳೆದುಕೊಂಡಳು. “ಬೇಡಮ್ಮ. ಅದನ್ನ ಕಂಡ್ರೆ ಇವತ್ತಿಗೂ ಮೈ ನಡುಗುತ್ತೆ.”

ಪಾಪ, ಯಾವನೋ ಕಳ್ಳನನ್ನು ಕೊಂದ ನೆನಪು ಕಾಡುತ್ತಿರಬೇಕು ಎಂದುಕೊಂಡಳು ಮಾರ್ನಿ. ಮಾತು ಬದಲಿಸಿದಳು. “ಅಂಕಲ್ ಬರ್ಲಿಲ್ವಾ?”

“ರಾಯ್ಸಾ? ಎಲ್ಲಿ ಬಿಡ್ತಾರೆ ಅವನನ್ನ! ಅವನಿಗೀಗ ಊಟ, ಬಟ್ಟೆ, ಎಲ್ಲಾ ಸರ್ಕಾರದ್ದೇ.”

“ಸೈನ್ಯ!” ಎಂದು ಮಾರ್ನಿ ಹ್ಯಾಸ್ಕಿನ್ಸನ ಕಿವಿಯಲ್ಲಿ ಉಸುರಿದಳು. ಅವನ ಕಣ್ಣು ಹೊಳೆಯಿತು. ದೇಶಸೇವೆಯಲ್ಲಿ ಗಂಡ, ಮನೆಯಲ್ಲಿ ಒಂಟಿ ಹೆಣ್ಣು. ಇಂಥ ಕಥೆ ತಾನೇ ಬೇಕಾದದ್ದು?

ಡೆಲ್ಮರನಿಗೂ ಉಮೇದು ಬಂತು. “ಒಂದು ಸಿಹಿಸುದ್ದಿ ವರ್ನೀಟಾ. ಮುಂದಿನ ವರ್ಷದಿಂದ ನಮ್ಮ ಪಿಸ್ತೂಲು ಯಾವತ್ತೂ ಕಚ್ಚಿಕೊಳ್ಳಲ್ಲ. ಡಬ್ಬಿ ವಿಭಾಗಕ್ಕೆ ಹೊಸಬರು ಬರ್ತಾರೆ.”

ಅವಳ ಕೈಯ ಚಾಕು ಪೈ ಮೇಲೆಯೇ ನಿಂತಿತು. “ಅಯ್ಯೋ, ಯಾಕೆ? ಹಳೇದೇ ಚೆನ್ನಾಗಿತ್ತಲ್ಲ!”

ಡೆಲ್ಮರ್ ಎದೆಯುಬ್ಬಿಸಿ ಹ್ಯಾಸ್ಕಿನ್ಸನ ಕಡೆ ನೋಡಿದ. ಅಪ್ಪನ ಕಾಲದಿಂದ ಕಾರ್ಖಾನೆ ಇಂಥ ಮಾತು ಕೇಳಿರಲಿಲ್ಲ.

ಹ್ಯಾಸ್ಕಿನ್ಸ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ವರ್ನೀಟಾ ಮೈಕಿನ ಮುಂದೆ ನಿಂತಳು. ಕ್ಯಾಮರಾದ ಕೆಂಪು ದೀಪ ಹೊತ್ತಿತು.

“ನಾನು ಇವತ್ತು ಉಸಿರಾಡ್ತಿದೀನಿ ಅಂದ್ರೆ ಅದು ಟ್ರೂಬಿ ಪಿಸ್ತೂಲಿಂದ,” ಎಂದಳು ಸ್ಪಷ್ಟವಾಗಿ. ಕೆಲಸಗಾರರು ಸಿಳ್ಳೆ ಹಾಕಿದರು. ಯಾರೋ ಬಾವುಟ ಬೀಸಿದರು. ಡೆಲ್ಮರ್ ಟೋಪಿ ತೆಗೆದು ಎದೆಗಿಟ್ಟುಕೊಂಡ.

ಟಿವಿಯ ಹುಡುಗಿ ಮೈಕನ್ನು ಇನ್ನಷ್ಟು ಹತ್ತಿರ ತಂದಳು. “ಆ ಕಳ್ಳನ ಮೇಲೆ ಎಷ್ಟು ಗುಂಡು ಹಾರಿಸಿದ್ರಿ, ಮೇಡಂ?”

“ಯಾವ ಕಳ್ಳನಮ್ಮ? ಪಿಸ್ತೂಲು ನನ್ನ ಗಂಡ ರಾಯ್ಸ್ ಕೈಲಿತ್ತು. ನನ್ನ ಹಣೆಗಿಟ್ಟು ಟ್ರಿಗರ್ ಒತ್ತಿದ, ಒತ್ತಿದ, ಒತ್ತೇ ಒತ್ತಿದ. ಪುಣ್ಯಾತ್ಮ ಲೋನಿ, ಒಂದೂ ಹಾರ್ಲಿಲ್ಲ!”