ಮುಖ್ಯ ಸಂಶೋಧಕರ ಯೋಗ್ಯತೆ

ಹತ್ತಾರು ಧರ್ಮದತ್ತಿ ಸಂಸ್ಥೆಗಳು ಯಾವ ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಟ್ಟೆವೆಂದು ಒಂದೇ ಜಾಲತಾಣದಲ್ಲಿ ಪಟ್ಟಿ ಮಾಡುತ್ತವೆ. ವೈದ್ಯಕೀಯ ಕಾಲೇಜೊಂದರಲ್ಲಿ ವಿಭಾಗದ ಮುಖ್ಯಸ್ಥರಾದ ಡಾ. ಪಂಚಾಕ್ಷರಿ ದಿನಾ ಬೆಳಿಗ್ಗೆ ಅದನ್ನು ಪಂಚಾಂಗದಂತೆ ನೋಡುತ್ತಿದ್ದರು. ತಮಗೇನು ಬಂತು ಎಂದಲ್ಲ, ಉಳಿದವರಿಗೇನು ಬಂತು ಎಂದು.

ಆ ಸೋಮವಾರ ಅದರಲ್ಲಿ ಅವರ ಕೈಕೆಳಗಿನ ಡಾ. ಸುಹಾಸಿನಿಯ ಹೆಸರಿತ್ತು. ಹಾವು ಕಡಿದವರ ಮೂತ್ರಪಿಂಡದ ಅಧ್ಯಯನ, ಮೂರು ವರ್ಷ.

ಹತ್ತು ಗಂಟೆಗೆ ಸುಹಾಸಿನಿ ಪೇಡೆಯ ಪೊಟ್ಟಣ ಹಿಡಿದು ಬಂದರು.

"ಸಾರ್, ಒಂದು ಸಂತೋಷದ ವಿಷಯ."

"ಓದಿದೆ ಕಣಮ್ಮ. ದೊಡ್ಡೋರಾಗ್ಬಿಟ್ರಿ."

"ಹಾಗಲ್ಲ ಸಾರ್, ಪೂರ್ತಿ ಕೇಳಿ."

"ನಂಗೆ ಶುಗರ್ ಇದೆ. ಪೇಡೆ ಅಟೆಂಡರ್‌ಗೆ ಕೊಟ್ಟು ಹೋಗಿ."

ಮಧ್ಯಾಹ್ನದ ಅಂಚೆಗೆ ಅನುದಾನ ಕೊಟ್ಟ ಸಂಸ್ಥೆಗೆ ಸಹಿಯಿಲ್ಲದ ಪತ್ರವೊಂದು ಹೋಯಿತು: "ಈ ಅಧ್ಯಯನದ ಮುಖ್ಯ ಸಂಶೋಧಕರು ಇನ್ನೊಬ್ಬರ ದುಡಿಮೆಯಲ್ಲಿ ಹೆಸರು ಮಾಡುವವರು. ಬೇಕಾದರೆ ವಿಚಾರಿಸಿ ನೋಡಿ."

ತಿಂಗಳ ಮೇಲೆ ಸುಹಾಸಿನಿ ಮುಖ ಸಪ್ಪೆ ಮಾಡಿಕೊಂಡು ಬಂದರು.

"ಏನಮ್ಮ, ಅನುದಾನ ಹೋಯ್ತಾ?" ಪಂಚಾಕ್ಷರಿಯವರ ದನಿಯಲ್ಲಿ ಮರುಕ ಉಕ್ಕಿತು.

"ಇಲ್ಲ ಸಾರ್. ಯಾರೋ ಮುಖ್ಯ ಸಂಶೋಧಕರ ಮೇಲೆ ದೂರು ಬರೆದಿದ್ರಂತೆ. ವಿಚಾರಿಸಿದ್ರೆ ನಿಜ ಅಂತ ಗೊತ್ತಾಯ್ತಂತೆ."

"ಮತ್ತೆ?"

"ಪಟ್ಟೀಲಿ ಅರ್ಜಿ ಕಳಿಸಿದೋರ ಹೆಸರಷ್ಟೇ ಬರುತ್ತೆ ಸಾರ್. ಅರ್ಜಿ ಒಳಗೆ, ಹಿರಿಯರು ಅಂತ, ಮುಖ್ಯ ಸಂಶೋಧಕರ ಜಾಗಕ್ಕೆ ನಿಮ್ಮ ಹೆಸರು ಹಾಕಿದ್ದೆ. ನೀವು ಯಾವತ್ತಿನ ಹಾಗೆ ಓದದೇ ಸಹಿ ಮಾಡಿದ್ರಿ. ಈಗ ಅದನ್ನ ತೆಗೆದು ನನ್ನ ಹೆಸರು ಹಾಕಿದ್ದಾರೆ."