ಎರಡನೇ ಬಟ್ಟಲು

ಸವೇತಾ ತೂಕದ ಯಂತ್ರ ಹತ್ತಿದಳು. ನೂರ ಒಂಬತ್ತು ಕೆಜಿ. ಹೋದ ಶುಕ್ರವಾರಕ್ಕಿಂತ ಒಂದು ಹೆಚ್ಚು.

ನರ್ಸ್ ಓತಿಲಿಯಾ ದಣಿದ ಕೈಯಲ್ಲಿ ಸವೇತಾಳ ನೋಟ್‌ಬುಕ್ ತೆರೆದಳು. ತಿಂದದ್ದನ್ನೆಲ್ಲ ಬರೆಯಬೇಕು, ದಿನಾ ಪ್ರುತ್ ಹೊಳೆಯವರೆಗೆ ನಡೆಯಬೇಕು, ವಾರಕ್ಕೊಮ್ಮೆ ಬಂದು ಮನಸ್ಸಿನಲ್ಲಿರುವುದನ್ನು ಹೇಳಬೇಕು. ಮೈಯ ಭಾರಕ್ಕೂ ಮನಸ್ಸಿನ ಭಾರಕ್ಕೂ ಒಟ್ಟಿಗೇ ಮದ್ದು. ಊರಿನ ಉಳಿದ ಹೆಂಗಸರು ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆಯುತ್ತಿದ್ದರು. ಸವೇತಾ ಸುಳ್ಳು ಬರೆಯುತ್ತಿರಲಿಲ್ಲ, ಅದೇ ಓತಿಲಿಯಾಳಿಗೆ ತಲೆನೋವು. ಜೋಳದ ಮುದ್ದೆಯಿರಲಿ, ಹುರುಳಿಕಾಯಿ ಸಾರಿರಲಿ, ಪ್ರತಿ ಊಟಕ್ಕೂ ಎರಡು ಬಟ್ಟಲು. ‘ನನಗೊಂದು, ಮಗಳು ರುಕ್ಸಾಂದ್ರಳಿಗೊಂದು’ ಎಂದು ಬರೆದಿತ್ತು.

“ಮಗಳು ಇಟಲಿಯಲ್ಲಿದ್ದಾಳಲ್ಲ ಸವೇತಕ್ಕ? ಅವಳ ಪಾಲು ತಿಂದಿದ್ದು ಯಾರು?”

“ಆರಿಹೋಗುತ್ತೆ. ಚೆಲ್ಲೋಕೆ ಕೈ ಬರಲ್ಲ.”

“ಹೀಗೇ ತಿಂತಾ ಇದ್ರೆ, ಅವಳು ಬರೋ ಹೊತ್ತಿಗೆ ನಿಮ್ಮನ್ನ ಹೊರಗೆ ತರೋಕೆ ಬಾಗಿಲು ಒಡೀಬೇಕಾಗುತ್ತೆ!”

ಸವೇತಾ ನಗಲಿಲ್ಲ. ವಾರದಲ್ಲಿ ನಾಲ್ಕು ದಿನ ಅವಳು ಹಾಸಿಗೆ ಬಿಟ್ಟೇ ಏಳುತ್ತಿರಲಿಲ್ಲ. ಈ ಹೃದಯ ಇನ್ನೊಂದು ಚಳಿಗಾಲ ದಾಟುವುದು ಅನುಮಾನ ಎಂದು ಪಟ್ಟಣದ ಡಾಕ್ಟರು ಹೇಳಿದ್ದರು.

“ಇನ್ಮೇಲೆ ಅವಳ ಬಟ್ಟಲನ್ನ ನೀವು ಮುಟ್ಟಬೇಡಿ,” ಎಂದಳು ಓತಿಲಿಯಾ. “ಯಾರಿಗಾದ್ರೂ ಕೊಟ್ಟುಬಿಡಿ. ಅಷ್ಟು ಮಾಡಿದ್ರೆ ಸಾಕು.”

ಸವೇತಾ ಕೋಟಿನ ಗುಂಡಿ ತಿರುವುತ್ತ ನಿಂತಳು. “ಕೊಡಲೇಬೇಕಾ ಸಿಸ್ಟರ್?”

“ಕೊಡಲೇಬೇಕು. ಇಲ್ಲಾಂದ್ರೆ ನನ್ನ ಮುಂದೆ ಬರಬೇಡಿ.”

ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಷ್ಟು ಬಿರುಸಾಗಿ ಮಾತಾಡಬಾರದಿತ್ತು ಎಂದು ಓತಿಲಿಯಾ ಒಳಗೊಳಗೇ ನೊಂದುಕೊಂಡಳು.

ಮೂರನೆಯ ಶುಕ್ರವಾರ ಸವೇತಾ ಬಂದಳು. ಬೂಟಿನ ತುಂಬ ಹೊಳೆಯ ಕೆಸರು. ಅತ್ತು ಊದಿದ ಕಣ್ಣು, ಆದರೆ ತಲೆ ಬಾಚಿತ್ತು. ನೂರ ಐದು ಕೆಜಿ.

“ನೋಡಿದ್ರಾ! ಇವತ್ತೇ ಮಗಳಿಗೆ ಫೋನ್ ಮಾಡಿ ಹೇಳಿ. ಕುಣಿದಾಡ್ತಾಳೆ.”

ಸವೇತಾ ಚೀಲದಿಂದ ಒಂದು ಬಟ್ಟಲು ತೆಗೆದಳು. ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ, ಬಟ್ಟಲಲ್ಲಿದ್ದ ದಪ್ಪ ರೊಟ್ಟಿಗೆ ಸಣ್ಣ ಮೇಣದಬತ್ತಿ ಸಿಕ್ಕಿಸಿ ಹಚ್ಚಿದಳು. ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ನೀಡಿದಳು.

ಅದೇ ಊರಲ್ಲಿ ಹುಟ್ಟಿ ಬೆಳೆದ ಓತಿಲಿಯಾಳಿಗೆ, ಹೀಗೆ ಬತ್ತಿ ಹಚ್ಚಿ ಬಟ್ಟಲು ಕೊಡುವುದು ಯಾರ ಹೆಸರಲ್ಲಿ ಎಂದು ಗೊತ್ತಿತ್ತು; ಮುಖದ ನಗು ಹಾಗೇ ನಿಂತಿತು.

“ರುಕ್ಸಾಂದ್ರಳ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹೇಳಿ ತಗೊಳ್ಳಿ ಸಿಸ್ಟರ್. ಅವಳು ಇಟಲಿಯಲ್ಲೇ ತೀರಿಕೊಂಡು ನಾಲ್ಕು ವರ್ಷ ಆಯ್ತು, ಯಾರಿಗೂ ಹೇಳಿರಲಿಲ್ಲ. ನಾನು ಕೊಡ್ತಿರೋ ಮೊದಲನೇ ಎಡೆ ಇದು.”